ಐದನೇ ಸೆಮಿಸ್ಟರ್ ಮತ್ತು 24 ಟಿಎಂಸಿ ಲೆಕ್ಕ

ಐದನೇ ಸೆಮಿಸ್ಟರ್ ಶುರುವಾಗಿ ಮೂರು ವಾರ ಆಯಿತು. ಬೆಳಿಗ್ಗೆ ಆರೂವರೆಗೆ ಹುಲಿಕೆರೆ ಬಿಟ್ಟು ಹಳೇಬೀಡಿನಲ್ಲಿ ಹಾಸನದ ಬಸ್ ಹಿಡಿದರೆ ಮೊದಲ ಪೀರಿಯಡ್‌ಗೆ ಸರಿಹೋಗುತ್ತದೆ. ಲ್ಯಾಬ್ ಇರುವ ದಿನ ಮನೆ ಸೇರುವಾಗ ಸಂಜೆ ಏಳೂವರೆ. ವಿಟಿಯು ನಿಯಮದ ಪ್ರಕಾರ ಹಾಜರಾತಿ ಶೇ 85 ಬೇಕು. ಇಂಟರ್ನಲ್ಸ್‌ಗೆ 50, ಕೊನೆಯ ಪರೀಕ್ಷೆಗೆ 50 ಅಂಕ. ಅದರ ಜೊತೆಗೆ ಅಸೈನ್‌ಮೆಂಟ್, ಲ್ಯಾಬ್ ರೆಕಾರ್ಡ್, ಮಿನಿ ಪ್ರಾಜೆಕ್ಟ್. ಇವೆಲ್ಲದರ ಮೇಲೆ ಡಿಗ್ರಿ ಮುಗಿಯುವುದರೊಳಗೆ ಸೇರಿಸಬೇಕಾದ 100 ಎಐಸಿಟಿಇ ಚಟುವಟಿಕೆ ಅಂಕಗಳು ಬೇರೆ. 'ಹೇಗಿದೆ ಹೊಸ ಸೆಮಿಸ್ಟರ್?' ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವಷ್ಟು ಬಿಡುವು ಇರುವುದು ಬಸ್ಸಿನಲ್ಲಿ ಮಾತ್ರ.

ಆ ಬಸ್ಸಿನಿಂದಲೇ ವಿಷಯ ಎತ್ತಿಕೊಳ್ಳುತ್ತೇನೆ. ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ಕೈಯಲ್ಲಿನ ಯಂತ್ರ ನನಗೊಂದು ಶೂನ್ಯ ಮೊತ್ತದ ಚೀಟಿ ಕೊಡುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಾನು ಬಸ್ ಪಾಸ್‌ಗೆ ದುಡ್ಡು ಕಟ್ಟಿಲ್ಲ. ಚುನಾವಣೆಯಲ್ಲಿ ಒಂದು ಪಕ್ಷ ಮಾತು ಕೊಟ್ಟಿದ್ದರಿಂದ ಆ ಚೀಟಿ ಬಂತು. ಎಷ್ಟು ಹೆಂಗಸರು ಎಲ್ಲಿಂದ ಎಲ್ಲಿಗೆ ಹೋದರು ಎಂಬ ಲೆಕ್ಕವನ್ನು ಯಂತ್ರ ಇಡುವುದರಿಂದ ಸರ್ಕಾರ ಸಾರಿಗೆ ನಿಗಮಕ್ಕೆ ಹಣ ತುಂಬಿಕೊಡಲು ಸಾಧ್ಯವಾಗಿದೆ. ಅಂದರೆ ಅಂಗೈಯಗಲದ ಕಾಗದದಲ್ಲಿ ರಾಜಕೀಯವೂ ಇದೆ, ತಂತ್ರಜ್ಞಾನವೂ ಇದೆ. ಅದೇ ಚೀಟಿ ಹಿಡಿದು ಪಕ್ಕದಲ್ಲಿ ಕೂತ ಗೆಳತಿ ಹೇಳುತ್ತಾಳೆ, 'ನಂಗೆ ಪಾಲಿಟಿಕ್ಸ್ ಅಂದ್ರೆ ಆಗಲ್ಲ ಕಣೇ. ನಾವು ಇಂಜಿನಿಯರಿಂಗ್‌ನೋರು, ನಮ್ಗ್ಯಾಕೆ?'

ಈ ಮಾತು ಅವಳೊಬ್ಬಳದಲ್ಲ. ನಮ್ಮ ತರಗತಿಯ ಮುಕ್ಕಾಲು ಪಾಲು ಹೀಗೇ ಯೋಚಿಸುತ್ತದೆ. ನಮಗೆ ರಾಜಕೀಯ ಅಂದರೆ ರೀಲ್ಸ್‌ನಲ್ಲಿ ಇಬ್ಬರು ನಾಯಕರು ಬೈದಾಡಿಕೊಳ್ಳುವುದು, ಕೆಳಗೆ ಕಾಮೆಂಟಿನಲ್ಲಿ ಅವರ ಅಭಿಮಾನಿಗಳು ಇನ್ನೂ ಕೆಟ್ಟದಾಗಿ ಬೈದಾಡುವುದು. ತಂತ್ರಜ್ಞಾನ ಅಂದರೆ ಕೋಡಿಂಗ್, ಎಐ, ಪ್ಲೇಸ್‌ಮೆಂಟ್ ಪ್ಯಾಕೇಜ್. ಇವೆರಡೂ ಬೇರೆ ಬೇರೆ ಊರು, ನಡುವೆ ರಸ್ತೆಯಿಲ್ಲ ಎಂಬ ಭಾವನೆ. ನಾನು ಓದುತ್ತಿರುವುದು ಸಿವಿಲ್. 'ಕಂಪ್ಯೂಟರ್ ಸೈನ್ಸ್ ಸಿಗಲಿಲ್ವಾ?' ಎಂದು ನೆಂಟರು ಮದುವೆ ಮನೆಯಲ್ಲಿ ಕನಿಕರದಿಂದ ಕೇಳುವ ಬ್ರಾಂಚ್ ಇದು. ಸಿಕ್ಕಿತ್ತು, ನಾನು ತೆಗೆದುಕೊಳ್ಳಲಿಲ್ಲ. ಆ ಕಥೆ ಇರಲಿ. ನನ್ನ ಮಾತು ಇಷ್ಟೆ: ಸಿವಿಲ್ ಓದುವವರಿಗಾದರೂ ರಾಜಕೀಯ ಬೇಡ ಎನ್ನುವ ಸೌಲಭ್ಯ ಇಲ್ಲ. ಯಾಕೆಂದರೆ ನಮ್ಮ ಭಾಗದ ದೊಡ್ಡ ರಾಜಕೀಯವೆಲ್ಲ ನಮ್ಮ ಪಠ್ಯಪುಸ್ತಕದ ಅಂಕಿಗಳಲ್ಲೇ ಅಡಗಿ ಕೂತಿದೆ.

ಈ ಸಲ ಹೈಡ್ರಾಲಜಿ ಓದುತ್ತಿದ್ದೇವೆ. ಮಳೆ ಬಿದ್ದ ನೀರಿನಲ್ಲಿ ಎಷ್ಟು ಪಾಲು ಹರಿದು ಹಳ್ಳ ಸೇರುತ್ತದೆ ಎಂದು ಲೆಕ್ಕ ಹಾಕುವ ಪಾಠ. ಬಿದ್ದ ಮಳೆಯಲ್ಲಿ ಸ್ವಲ್ಪ ಆವಿಯಾಗುತ್ತದೆ, ಸ್ವಲ್ಪವನ್ನು ಮರಗಿಡ ಕುಡಿಯುತ್ತವೆ, ಸ್ವಲ್ಪ ಇಂಗುತ್ತದೆ, ಉಳಿದದ್ದು ಹರಿಯುತ್ತದೆ. ಹರಿಯುವ ಪಾಲನ್ನು ಒಂದು ಗುಣಾಂಕದಲ್ಲಿ ಹೇಳುತ್ತೇವೆ. ಟಾರು ರಸ್ತೆಗೆ ಅದು 1ರ ಹತ್ತಿರ, ಕಾಡಿಗೆ, ಹೊಲಕ್ಕೆ ಅದಕ್ಕಿಂತ ಕಡಿಮೆ. ಪರೀಕ್ಷೆಯಲ್ಲಿ ಈ ಗುಣಾಂಕವನ್ನು ಪ್ರಶ್ನೆಯಲ್ಲೇ ಕೊಟ್ಟಿರುತ್ತಾರೆ. ಹಾಕು, ಗುಣಿಸು, ಅಂಕ ತಗೋ. ಹೊರಗಿನ ಜಗತ್ತಿನಲ್ಲಿ ಅದನ್ನು ಯಾರು ಕೊಡುತ್ತಾರೆ? ಈ ಪ್ರಶ್ನೆ ಹುಟ್ಟಿದ ಸಂಜೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಎತ್ತಿನಹೊಳೆಯ ಲೆಕ್ಕ ಮಾಡಿ ನೋಡಿದೆ.

ಎತ್ತಿನಹೊಳೆ ನಮಗೆ ದೂರದ ಸುದ್ದಿಯಲ್ಲ. ಸಕಲೇಶಪುರದ ಘಟ್ಟದಲ್ಲಿ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಎಂಟು ಒಡ್ಡು ಕಟ್ಟಿ, ಪಶ್ಚಿಮಕ್ಕೆ ಹರಿಯುವ ನೀರನ್ನು ಮೇಲಕ್ಕೆ ಪಂಪ್ ಮಾಡಿ, ಅಲ್ಲಿಂದ ಸುಮಾರು 253 ಕಿ.ಮೀ. ಕಾಲುವೆಯಲ್ಲಿ ಪೂರ್ವಕ್ಕೆ ಹರಿಸುವ ಯೋಜನೆ. ಕಾಲುವೆ ನಮ್ಮ ಬೇಲೂರು, ಅರಸೀಕೆರೆ ತಾಲ್ಲೂಕುಗಳನ್ನು ದಾಟಿಯೇ ತುಮಕೂರಿನ ಕಡೆ ಹೋಗಬೇಕು. ಗುರಿ ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಏಳು ಜಿಲ್ಲೆಗಳು. ಮಳೆಗಾಲದಲ್ಲಿ ಒಟ್ಟು 24.01 ಟಿಎಂಸಿ ಎತ್ತಬೇಕು, ಅದರಲ್ಲಿ 14 ಟಿಎಂಸಿ ಕುಡಿಯಲು, ಉಳಿದ ಹತ್ತಿರ ಹತ್ತಿರ 10 ಟಿಎಂಸಿ 527 ಕೆರೆ ತುಂಬಿಸಲು. 2012ರಲ್ಲಿ 8,323 ಕೋಟಿ ರೂಪಾಯಿ ಎಂದದ್ದು, 2014ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಶಂಕುಸ್ಥಾಪನೆ ಮಾಡುವಾಗ 12,912 ಕೋಟಿ ಆಗಿ, ಈಗ 23,251 ಕೋಟಿಗೆ ಬಂದು ನಿಂತಿದೆ. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು.

ಈಗ ಲೆಕ್ಕ. ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. 24.01 ಟಿಎಂಸಿ ಸುಮಾರು 68 ಕೋಟಿ ಘನ ಮೀಟರ್ ಆಯಿತು. ಒಡ್ಡುಗಳಿಗೆ ನೀರು ಬರುವ ಜಲಾನಯನ ಪ್ರದೇಶ ಸುಮಾರು 180 ಚದರ ಕಿ.ಮೀ., ಅಂದರೆ 18 ಕೋಟಿ ಚದರ ಮೀಟರ್. ಭಾಗಿಸಿದರೆ ಬರುವುದು 3.78 ಮೀಟರ್. ಅಷ್ಟೂ ಕಾಡು, ತೋಟ, ಗುಡ್ಡದ ಮೇಲೆ ಹನ್ನೆರಡು ಅಡಿಗೂ ಮೀರಿ ನೀರು ನಿಲ್ಲಿಸಿ, ಒಂದು ಹನಿ ಚೆಲ್ಲದೆ ಎತ್ತಿಕೊಂಡ ಹಾಗೆ. ಆ ಘಟ್ಟದಲ್ಲಿ ವರ್ಷಕ್ಕೆ ಬೀಳುವ ಮಳೆ ಜಾಗ ನೋಡಿಕೊಂಡು 3ರಿಂದ 5 ಮೀಟರ್. 5 ಮೀಟರ್ ಬಿದ್ದ ಕಡೆ ಮುಕ್ಕಾಲು ಭಾಗ ಹರಿದು ಬರಬೇಕು. 4 ಮೀಟರ್ ಬಿದ್ದರೆ ಶೇ 95 ಬರಬೇಕು. 3 ಮೀಟರ್ ಬಿದ್ದರೆ ಬಿದ್ದದ್ದಕ್ಕಿಂತ ಹೆಚ್ಚು ಹರಿಯಬೇಕು! ನೀರೆತ್ತುವುದು ಮುಂಗಾರಿನ 139 ದಿನ ಮಾತ್ರ ಎಂಬುದನ್ನೂ ಸೇರಿಸಿ: ಸರಾಸರಿ ದಿನಕ್ಕೆ 2,000 ಕ್ಯುಸೆಕ್, ಒಂದು ದಿನವೂ ತಪ್ಪದಂತೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ವಿ. ರಾಮಚಂದ್ರ ಮತ್ತು ಅವರ ತಂಡ ಇದನ್ನೇ ನಮಗಿಂತ ಸಾವಿರ ಪಟ್ಟು ಎಚ್ಚರದಿಂದ ಮಾಡಿತ್ತು. ಅವರಿಗೆ ಬಂದ ಉತ್ತರ 9.55 ಟಿಎಂಸಿ. ಅದರಲ್ಲೂ ಹೆಚ್ಚಿನ ಪಾಲು ಅಲ್ಲಿನ ಜನ, ಬೆಳೆ ಮತ್ತು ಹೊಳೆಗೇ ಬೇಕು ಎಂದರು. 9.55 ಟಿಎಂಸಿಯನ್ನು ಅದೇ ಪ್ರದೇಶದ ಮೇಲೆ ಹರಡಿದರೆ ಒಂದೂವರೆ ಮೀಟರ್, ನನ್ನ ಗದ್ದದವರೆಗೆ. ಒಂದೇ ಹೊಳೆ, ಒಂದೇ ಮಳೆ. ಒಂದು ಲೆಕ್ಕದಲ್ಲಿ ನೀರು ನಮ್ಮ ಮನೆಯ ತಾರಸಿ ದಾಟುತ್ತದೆ, ಇನ್ನೊಂದರಲ್ಲಿ ಗದ್ದ ಮುಟ್ಟುತ್ತದೆ. ನಡುವಿನ ವ್ಯತ್ಯಾಸ 14 ಟಿಎಂಸಿಗಿಂತ ಹೆಚ್ಚು, ಅಂದರೆ ಕುಡಿಯುವ ನೀರಿಗೆಂದು ತೆಗೆದಿಟ್ಟ ಅಷ್ಟೂ ಪಾಲು.

ಯಾರು ಸರಿ ಎಂದು ತೀರ್ಪು ಕೊಡಲು ಐದನೇ ಸೆಮಿಸ್ಟರ್ ಓದು ಸಾಲದು. ಸರ್ಕಾರದ ಕಡೆಯ ಇಂಜಿನಿಯರುಗಳು ತಮ್ಮ ಲೆಕ್ಕಕ್ಕೆ ಅಂಟಿಕೊಂಡಿದ್ದಾರೆ. ಹಸಿರು ನ್ಯಾಯಮಂಡಳಿ 2019ರಲ್ಲಿ ಯೋಜನೆಯ ವಿರುದ್ಧದ ಅರ್ಜಿಗಳನ್ನು ವಜಾ ಮಾಡಿದೆ. ಆದರೆ ಒಂದನ್ನು ಧೈರ್ಯವಾಗಿ ಹೇಳಬಲ್ಲೆ: ಈ ಎರಡು ಅಂಕಿಗಳನ್ನು ಎದುರುಬದುರು ಇಟ್ಟು ನಮ್ಮ ಜಿಲ್ಲೆಯ ಯಾವ ಚುನಾವಣಾ ಸಭೆಯಲ್ಲೂ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. 2024ರ ಏಪ್ರಿಲ್ 26ರಂದು ನಾನು ಮೊದಲ ಸಲ ಮತ ಹಾಕಿದೆ. ಅದಕ್ಕೂ ಮೊದಲಿನ ಒಂದು ತಿಂಗಳು ನಮ್ಮೂರಿಗೆ ಬಂದ ಆಟೊ ಮೈಕುಗಳು 'ನೀರು ತರುತ್ತೇವೆ' ಎಂದವು, 'ಅವರು ತರಲಿಲ್ಲ' ಎಂದವು. ಎಷ್ಟು ಎಂದು ಯಾವ ಮೈಕೂ ಹೇಳಲಿಲ್ಲ, ನಾವೂ ಕೇಳಲಿಲ್ಲ. 2025ರ ಜನವರಿಯಲ್ಲಿ ವಾಣಿ ವಿಲಾಸ ಸಾಗರ ತುಂಬಿ ಕೋಡಿ ಬಿತ್ತು. 1933 ಮತ್ತು 2022 ಬಿಟ್ಟರೆ ಇದೇ ಮೂರನೆಯ ಸಲ. ವೇದಾವತಿ ಕಣಿವೆಯ ಮೂಲಕ ಎತ್ತಿನಹೊಳೆ ನೀರನ್ನು ಅಲ್ಲಿಗೆ ಬಿಡುವುದಾಗಿ ಹೇಳಲಾಗಿತ್ತು. ಹಾಗಾಗಿ ತುಂಬಿಸಿದ್ದು ಎತ್ತಿನಹೊಳೆಯೋ, ಭದ್ರೆಯೋ, ಬರೀ ಮಳೆಯೋ ಎಂದು ಬಸ್ಸಿನಲ್ಲಿ ದೊಡ್ಡವರು ವಾದ ಮಾಡುತ್ತಿದ್ದರು. ವಾದ ಗೆದ್ದದ್ದು ಪಕ್ಷದ ಮೇಲೆ, ಅಳತೆಯ ಮೇಲಲ್ಲ.

ಇದನ್ನು ಬರೆಯುತ್ತಿರುವುದು ಯೋಜನೆ ಬೇಡ ಎನ್ನುವುದಕ್ಕಲ್ಲ. ನನ್ನ ಅಮ್ಮನ ತವರು ಅರಸೀಕೆರೆ ಕಡೆಯ ಹಳ್ಳಿ. ಬರದಲ್ಲಿ ತೆಂಗಿನ ಸುಳಿ ಒಣಗಿ ನಿಂತ ತೋಟವನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮಾವ ಕೊರೆಸಿದ ಬೋರ್‌ವೆಲ್‌ಗಳಲ್ಲಿ ನೀರಿಗಿಂತ ಸಾಲ ಮೊದಲು ಬಂತು. ಆ ಭಾಗದ ಕೆರೆಗೆ ನೀರು ಬಂದರೆ ಮೊದಲು ಖುಷಿಪಡುವವಳು ನಾನೇ. ಕೋಲಾರದವರು ಫ್ಲೋರೈಡ್ ನೀರು ಕುಡಿದು ವರ್ಷಗಟ್ಟಲೆ ಹೋರಾಟ ಮಾಡಿದ್ದೂ ಸುಳ್ಳಲ್ಲ, ನೇತ್ರಾವತಿ ಬತ್ತೀತು ಎಂಬ ಕರಾವಳಿಯವರ ಭಯವೂ ಸುಳ್ಳಲ್ಲ. ಹಾಗಿರುವಾಗ 24 ಬಂದೀತೆಂದು ನಂಬಿಸಿ 9 ಬಂದರೆ ಯಾರ ಪಾಲು ಮೊದಲು ಕಡಿತವಾಗುತ್ತದೆ? ಕಾಲುವೆಯ ತಲೆಯಲ್ಲಿರುವ ನಮ್ಮದೋ, ಬಾಲದಲ್ಲಿರುವ ಕೋಲಾರದ್ದೋ? ಕುಡಿಯುವ ನೀರೋ, ಕೆರೆಯ ನೀರೋ? ಈ ಪ್ರಶ್ನೆಯನ್ನು ಕಾಲುವೆ ಮುಗಿಯುವ ಮೊದಲೇ ಕೇಳಿದರೆ ಅದು ಲೆಕ್ಕ. ಮುಗಿದ ಮೇಲೆ ಕೇಳಿದರೆ ತಾಲ್ಲೂಕು ತಾಲ್ಲೂಕುಗಳ ಜಗಳ.

ನಮ್ಮ ವಿಶ್ವವಿದ್ಯಾಲಯ ಯಾರ ಹೆಸರಿನಲ್ಲಿದೆಯೋ ಅವರಿಗೆ ಈ ಸಂಬಂಧ ಚೆನ್ನಾಗಿ ಗೊತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾದಾಗ ಮದ್ರಾಸ್ ಸರ್ಕಾರ ತಕರಾರು ತೆಗೆಯಿತು. ಮೊದಲ ಹಂತದ ಒಪ್ಪಿಗೆ ಸಿಕ್ಕಿದ್ದು 80 ಅಡಿ ಎತ್ತರಕ್ಕೆ. ವಿಶ್ವೇಶ್ವರಯ್ಯನವರು ಅಡಿಪಾಯವನ್ನು 124 ಅಡಿ ಕಟ್ಟೆ ಹೊರುವಷ್ಟು ಅಗಲವಾಗಿಯೇ ಹಾಕಿಸಿದರು. ಎರಡು ಸರ್ಕಾರಗಳ ನಡುವೆ ಒಪ್ಪಂದ ಆಗಿದ್ದು 1924ರಲ್ಲಿ. ಇಂಜಿನಿಯರ್ ದಿನ ಅಂತ ಸೆಪ್ಟೆಂಬರ್ 15ಕ್ಕೆ ಹಾರ ಹಾಕಿ, ಕ್ವಿಜ್ ಮಾಡಿ, ಕೇಸರಿಬಾತ್ ತಿನ್ನುವ ನಾವು ಆ ಅಡಿಪಾಯದ ಅಗಲದಲ್ಲಿದ್ದ ರಾಜಕೀಯ ಜಾಣ್ಮೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕ್ವಿಜ್‌ನಲ್ಲಿ ಇಡುವುದಿಲ್ಲ. ಅವರ ಶಿಸ್ತು, ಅವರ ಪೇಟ, ಅವರ ವಯಸ್ಸು, ಇಷ್ಟೇ.

ಬೇರೆ ಲೆಕ್ಕವೂ ಸಾಧ್ಯ ಎಂಬುದಕ್ಕೆ ಕೋಲಾರದಲ್ಲೇ ಉದಾಹರಣೆ ಇದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಅಲ್ಲಿನ ಕೆರೆಗಳಿಗೆ ಬಿಡುತ್ತಿದ್ದಾರೆ. ಉದ್ದೇಶಿತ ಪ್ರಮಾಣ ದಿನಕ್ಕೆ 44 ಕೋಟಿ ಲೀಟರ್. ಅಷ್ಟೂ ಹರಿದರೆ ವರ್ಷಕ್ಕೆ ಐದೂವರೆ ಟಿಎಂಸಿಗಿಂತ ಹೆಚ್ಚು. ಇದಕ್ಕೆ ಮಳೆಯನ್ನು ನಂಬಬೇಕಿಲ್ಲ, ಬೆಂಗಳೂರಿನವರು ಸ್ನಾನ ಮಾಡಿದರೆ ಸಾಕು. ಆದರೆ ಸಂಸ್ಕರಣೆ ಎರಡನೇ ಹಂತಕ್ಕೇ ನಿಂತಿದೆ, ಮೂರನೇ ಹಂತ ಬೇಕು ಎಂದು ಅಲ್ಲಿನ ರೈತರು ಕೇಳುತ್ತಲೇ ಇದ್ದಾರೆ. ನೋಡಿ, ಎರಡನೇ ಹಂತ, ಮೂರನೇ ಹಂತ ಎಂಬುದು ನಮ್ಮ ಎನ್ವಿರಾನ್‌ಮೆಂಟಲ್ ಇಂಜಿನಿಯರಿಂಗ್ ಪುಸ್ತಕದ ಎರಡು ಅಧ್ಯಾಯ. ಅಲ್ಲಿ ಬೀದಿಗಿಳಿದ ರೈತರು ಅದನ್ನು ಓದಿ ಅರ್ಥ ಮಾಡಿಕೊಂಡಿದ್ದಾರೆ. ಇಲ್ಲಿ ನಾವು ಅದನ್ನು ಹತ್ತು ಅಂಕದ ಪ್ರಶ್ನೆ ಎಂದು ಬಾಯಿಪಾಠ ಮಾಡುತ್ತಿದ್ದೇವೆ.

ನಮ್ಮ ಕಡೆಯೂ ಅಂಥ ರೈತರು ಇದ್ದಾರೆ. ಹೊಯ್ಸಳರ ಕಾಲದಲ್ಲೇ ಯಗಚಿ ನೀರು ರಣಘಟ್ಟದಿಂದ ಕಾಲುವೆಯಲ್ಲಿ ದ್ವಾರಸಮುದ್ರದ ಕೆರೆಗೆ ಬರುತ್ತಿತ್ತು ಎಂಬುದು ಹಳೇಬೀಡಿನಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಅದನ್ನೇ ಹಿಡಿದು ಹಳೇಬೀಡು, ಮಾದಿಹಳ್ಳಿ ಹೋಬಳಿಗಳ ಕೆರೆ ತುಂಬಿಸಿ ಎಂದು ರೈತರು ವರ್ಷಗಟ್ಟಲೆ ಹೋರಾಡಿದ ಮೇಲೆ ರಣಘಟ್ಟ ಯೋಜನೆಗೆ ಸರ್ಕಾರ ಒಪ್ಪಿತು. ಅಪ್ಪನೂ ಆ ಧರಣಿಗಳಲ್ಲಿ ಕೂತು ಬಂದವರು. ಅವರು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಯಗಚಿಯಲ್ಲಿ ಯಾವ ತಿಂಗಳು ಎಷ್ಟು ನೀರು, ಯಾವ ಕೆರೆಯ ಕೋಡಿಯಿಂದ ಯಾವ ಕೆರೆಗೆ ಹರಿಯುತ್ತದೆ ಎಂದು ಬೆರಳ ತುದಿಯಲ್ಲಿ ಹೇಳುತ್ತಾರೆ. ನನ್ನ ಪುಸ್ತಕದ ನಕ್ಷೆಯಲ್ಲಿ ಬಾಣದ ಗುರುತು ಮಾತ್ರ ಇರುತ್ತದೆ.

ನಮ್ಮೂರಿನ ಹೊಯ್ಸಳರ ಕಲ್ಯಾಣಿ ನೋಡಲು ಈಗ ಹೆಚ್ಚು ಜನ ಬರುತ್ತಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಹಳೇಬೀಡಿಗೆ ಬಂದವರು ಹಾಗೇ ಹುಲಿಕೆರೆಗೂ ಒಂದು ಸುತ್ತು ಹಾಕುತ್ತಾರೆ. ಮೆಟ್ಟಿಲಿನ ಮೇಲೆ ಕೂತು ಫೋಟೊ, ಸುತ್ತಲಿನ ಪುಟ್ಟ ಗುಡಿಗಳ ಮುಂದೆ ರೀಲ್ಸ್. ನನಗೆ ಅದನ್ನು ನೋಡಿದಾಗಲೆಲ್ಲ ಬೇರೆ ಯೋಚನೆ ಬರುತ್ತದೆ. ಎಂಟು ನೂರು ವರ್ಷದ ಹಿಂದೆಯೂ ಯಾರೋ ಒಬ್ಬ ನೀರಿನ ಮಟ್ಟ ನೋಡಿ ಮೆಟ್ಟಿಲಿನ ಲೆಕ್ಕ ಹಾಕಿರಬೇಕು, ಇನ್ನೊಬ್ಬ ಖರ್ಚಿಗೆ ಒಪ್ಪಿರಬೇಕು. ಅವರಿಬ್ಬರೂ ಪರಸ್ಪರ ಮಾತಾಡಿದ್ದರು ಎಂಬುದಕ್ಕೆ ಕಲ್ಯಾಣಿ ಇನ್ನೂ ಇರುವುದೇ ಸಾಕ್ಷಿ.

ಇನ್ನು ಎಐ ವಿಷಯ, ಅದಿಲ್ಲದೆ ಈಗ ಯಾವ ಬರಹವೂ ಮುಗಿಯುವುದಿಲ್ಲವಲ್ಲ. ನಮ್ಮ ತರಗತಿಯ ಅಸೈನ್‌ಮೆಂಟ್‌ಗಳಲ್ಲಿ ಚಾಟ್‌ಜಿಪಿಟಿ ಬರೆದವು ಎಷ್ಟು ಎಂದು ಮೇಷ್ಟ್ರಿಗೂ ಗೊತ್ತು, ನಮಗೂ ಗೊತ್ತು. ಸೂತ್ರ, ಉದಾಹರಣೆ, ಲೆಕ್ಕದ ಹಂತ ಎಲ್ಲವನ್ನೂ ಅದು ಚಕಚಕ ಕೊಡುತ್ತದೆ. ಆದರೆ ನಮ್ಮೂರ ಹಳ್ಳಕ್ಕೆ ಯಾವ ಗುಣಾಂಕ ಹಾಕಬೇಕು ಎಂಬುದಕ್ಕೆ ಯಾರಾದರೂ ಮಳೆಯಲ್ಲಿ ನಿಂತು ಅಳೆದಿರಬೇಕು. ಅಳೆಯದ ಅಂಕಿಯನ್ನು ಯಂತ್ರವೂ ಊಹಿಸುತ್ತದೆ, ಮಂತ್ರಿಯೂ ಊಹಿಸುತ್ತಾನೆ. ಕೆಲಸ ಹುಡುಕುತ್ತಿರುವ ಅಣ್ಣಂದಿರು, ಅಕ್ಕಂದಿರು ನನ್ನ ಮಾತಿಗೆ ನಗಬಹುದು: 'ಮೊದಲು ಕೆಲಸ ಸಿಗಲಿ, ಆಮೇಲೆ ಹೊಳೆ ಅಳೆಯೋಣ.' ನ್ಯಾಯವೇ. ಆದರೆ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯಲ್ಲಿ ಬ್ಲೂಟೂತ್ ಆಟ ಬಯಲಾಗಿ, ಓದಿ ಬರೆದವರೂ ಮತ್ತೆ ಪರೀಕ್ಷೆ ಬರೆಯಬೇಕಾಗಿ ಬಂದದ್ದು ಅವರಿಗೇ ಹೆಚ್ಚು ನೆನಪಿದೆ. ರಾಜಕೀಯ ನಮಗೆ ಬೇಡ ಎಂದರೂ ಅದು ನಮ್ಮ ಹಾಲ್ ಟಿಕೆಟ್ ನಂಬರ್ ಹುಡುಕಿಕೊಂಡು ಬರುತ್ತದೆ.

ಹಾಗಂತ ಎಲ್ಲರೂ ಬಾವುಟ ಹಿಡಿಯಿರಿ ಎನ್ನುವುದಿಲ್ಲ. ನನಗೇ ಪುರುಸೊತ್ತಿಲ್ಲ. ಇರುವ ಸಮಯದಲ್ಲೇ ಆಗುವ ಕೆಲಸಗಳಿವೆ. ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರು. ಎಂದರೆ ನಾವೂ. ಕೆರೆ ಹೂಳೆತ್ತಿದ್ದಕ್ಕೆ ಎಷ್ಟು ಬಿಲ್ ಆಯಿತು, ಎಷ್ಟು ಘನ ಮೀಟರ್ ಮಣ್ಣು ತೆಗೆದರು ಎಂದು ಅಲ್ಲಿ ಎದ್ದು ಕೇಳಲು ಸರ್ವೇಯಿಂಗ್ ಓದಿದ ಒಬ್ಬರು ಸಾಕು. ಸಭೆಯಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರ ಕೊಡಲು ಗಡುವು 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದ ಮೀರಬಾರದು. ಇನ್‌ಸ್ಟಾಗ್ರಾಂನಲ್ಲಿ ನಾವು ಬರೆಯುವ ಕ್ಯಾಪ್ಷನ್ ಕೆಲವೊಮ್ಮೆ ಅದಕ್ಕಿಂತ ಉದ್ದ ಇರುತ್ತದೆ.

ಆಗಲೇ ಹೇಳಿದ ಆ 100 ಚಟುವಟಿಕೆ ಅಂಕಗಳಿವೆಯಲ್ಲ, ಅದರ ಪಟ್ಟಿಯಲ್ಲಿ ನೀರಿನ ನಿರ್ವಹಣೆಯೂ ಒಂದು. ಬಹಳ ಜನ ಅದನ್ನು ಮುಗಿಸುವುದು ಒಂದು ಗಿಡ, ಒಂದು ಬ್ಯಾನರ್, ಹತ್ತು ಜನರ ಒಂದು ಫೋಟೊದಲ್ಲಿ. ಗಿಡ ಆಮೇಲೆ ಏನಾಯಿತು ಎಂದು ಗಿಡಕ್ಕೂ ಗೊತ್ತಿಲ್ಲ. ನಾವು ನಾಲ್ಕು ಜನ ಈ ಸಲ ಬೇರೆ ಮಾಡೋಣ ಎಂದುಕೊಂಡಿದ್ದೇವೆ. ಊರ ಹತ್ತಿರದ ಒಂದು ಕೆರೆ ಆರಿಸಿಕೊಂಡು ಅದರ ಆಳ, ಹೂಳು, ತೂಬಿನ ಸ್ಥಿತಿ, ನೀರು ಬರುವ ಕಾಲುವೆಯಲ್ಲಿ ಎಷ್ಟು ಒತ್ತುವರಿಯಾಗಿದೆ ಎಂಬುದನ್ನು ಅಳೆದು ಬರೆದು, ಒಂದು ಪ್ರತಿ ಕಾಲೇಜಿಗೆ, ಒಂದು ಪ್ರತಿ ಪಂಚಾಯಿತಿಗೆ ಕೊಡುವುದು. ಮನೆ ತಾರಸಿ ಮೇಲೆ ಮಳೆ ಮಾಪಕ ಇಡುವುದು. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್, ಇಷ್ಟು ಗೊತ್ತಿದ್ದರೆ ನೇರ ಗೋಡೆಯ ಡಬ್ಬಿ ಮತ್ತು ಸ್ಕೇಲ್ ಸಾಕು. ಪಂಚಾಯಿತಿ ಚುನಾವಣೆ ಹತ್ತಿರ ಬರುತ್ತಿದೆ. ಓಟು ಕೇಳಲು ಬಂದವರ ಕೈಗೆ ಯಾವ ಪಕ್ಷದ ಕಡೆಯವರೆಂದು ನೋಡದೆ ಆ ಹಾಳೆಯ ಒಂದೊಂದು ಜೆರಾಕ್ಸ್ ಕೊಡಬೇಕೆಂದಿದ್ದೇವೆ.

ಮೊದಲ ಇಂಟರ್ನಲ್ಸ್ ಮುಗಿದ ಮೇಲಿನ ಭಾನುವಾರಕ್ಕೆ ದಿನ ಗೊತ್ತಾಗಿದೆ. ಲ್ಯಾಬಿನ ಡಂಪಿ ಲೆವೆಲ್ ಕ್ಯಾಂಪಸ್ಸಿನಿಂದ ಹೊರಗೆ ಬಿಡುವುದಿಲ್ಲವಂತೆ. ಪರವಾಗಿಲ್ಲ, ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿಯುವ ಗಾರೆಯವರ ವಿಧಾನ ನಮ್ಮ ಪಕ್ಕದ ಮನೆಯ ಮೇಸ್ತ್ರಿಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ಏಳಕ್ಕೇ ಬರುತ್ತೇನೆ, ತಿಂಡಿ ಮಾತ್ರ ನಿಮ್ಮ ಕಡೆಯದು ಎಂದಿದ್ದಾರೆ. ಬಸ್ಸಿನ ಗೆಳತಿಗೂ ಹೇಳಿದ್ದೇನೆ. 'ಪಾಲಿಟಿಕ್ಸ್ ಇರಲ್ಲ ತಾನೆ?' ಎಂದು ಎರಡು ಸಲ ಕೇಳಿಕೊಂಡು, ಟೇಪ್ ಹಿಡಿಯಲು ಒಪ್ಪಿದ್ದಾಳೆ.